ಫಟ್‌ಫಟಿಯ ಎಣ್ಣೆ

2017ರ ಮೇ ತಿಂಗಳ ಒಂದು ಮಧ್ಯಾಹ್ನ ಗುರುಗ್ರಾಮದ ಸಿಗ್ನಲ್ಲೊಂದರಲ್ಲಿ ನಿಂತಿದ್ದಾಗ ನನ್ನ ಬುಲೆಟ್ಟಿನ ಆಯಿಲ್ ಪ್ರೆಶರ್ ಗೇಜಿನ ಮುಳ್ಳು ಮೆಲ್ಲಗೆ ಇಳಿದು ಸೊನ್ನೆಯ ಮೇಲೆ ಕೂತಿತು. ಸಿಗ್ನಲ್ ಬಿಟ್ಟು ಹೊರಟಾಗ ಅರೆಮನಸ್ಸಿನಿಂದ ಒಂದಿಷ್ಟು ಎದ್ದಿತು, ಮುಂದಿನ ಸಿಗ್ನಲ್ಲಿನಲ್ಲಿ ಮತ್ತೆ ಮಲಗಿತು. ಹೊರಗೆ ನಲವತ್ತನಾಲ್ಕು ಡಿಗ್ರಿ. ಹೆಲ್ಮೆಟ್ಟಿನೊಳಗೆ ನನ್ನ ತಲೆ ಬೇಯುತ್ತಿತ್ತು, ಎರಡು ಕಾಲುಗಳ ನಡುವೆ ಎಂಜಿನ್ನು ಬೇಯುತ್ತಿತ್ತು.

ಅದು ಅಪ್ಪ 1993ರಲ್ಲಿ ಹಾಸನದಲ್ಲಿ ಕೊಂಡ ಗಾಡಿ. ಅದರ ಹಿಂದಿನ ಸೀಟಿನಲ್ಲಿ ಕೂತೇ ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೋಗಿದ್ದು. 2012ರಲ್ಲಿ ರೈಲಿನ ಪಾರ್ಸೆಲ್ ಡಬ್ಬಿಯಲ್ಲಿ ಹಾಕಿಸಿ ಇಲ್ಲಿಗೆ ತರಿಸಿಕೊಂಡೆ. 2016ರಲ್ಲಿ, ಕೈಯಲ್ಲಿ ಬೋನಸ್ಸಿನ ದುಡ್ಡು, ತಲೆಯಲ್ಲಿ ಲಡಾಖ್. ಕರೋಲ್ ಬಾಗಿನ ಗಲ್ಲಿಯೊಂದಕ್ಕೆ ಒಯ್ದು ಸಿಲಿಂಡರ್ ಕೊರೆಸಿ, ದೊಡ್ಡ ಪಿಸ್ಟನ್ ಹಾಕಿಸಿ, ಮುಂದೆ ಒಂದು ಆಯಿಲ್ ಕೂಲರ್, ಹ್ಯಾಂಡಲಿನ ಮೇಲೆ ಒಂದು ಗೇಜು, ಎಲ್ಲ ಮಾಡಿಸಿಕೊಂಡೆ. ಅಪ್ಪನಿಗೆ ಹೇಳಲಿಲ್ಲ.

ಆ ಗೇಜಿನ ಸುಳ್ಳು ಸತ್ಯ ಬಿಡಿಸಿ ಹೇಳಿದವರು ಮೊದಲು ಕೆಲಸ ಮಾಡಿದ ಅಂಗಡಿಯವರಲ್ಲ. ಅದೇ ಕರೋಲ್ ಬಾಗಿನ ಇನ್ನೊಂದು ಗಲ್ಲಿಯಲ್ಲಿ, ಮುರುಕು ಕುರ್ಚಿಯ ಮೇಲೆ ಕೂತು ಹುಡುಗರ ಕೈಲಿ ಕೆಲಸ ಮಾಡಿಸುವ ಎಪ್ಪತ್ತರ ಆಸುಪಾಸಿನ ಸರ್ದಾರ್ಜಿ. ಅವರು ಹುಡುಗನಾಗಿದ್ದಾಗ ಕೆಲಸ ಕಲಿತದ್ದು ಬುಲೆಟ್ಟಿನ ಮೇಲಲ್ಲ, ಫಟ್‌ಫಟಿಯ ಮೇಲೆ. ದೆಹಲಿಯಲ್ಲಿ ಫಟ್‌ಫಟಿ ಎಂದರೆ ಬೈಕಲ್ಲ, ಹಾರ್ಲೆ ಡೇವಿಡ್‌ಸನ್ನಿನ ಮೂತಿಯುಳ್ಳ ರಿಕ್ಷಾ. ನಾನು ಈ ಬರಹಕ್ಕೆ ಕೂತದ್ದೇ ಆ ಗಾಡಿಗಾಗಿ.

ನಮ್ಮಲ್ಲಿ ಹುಬ್ಬಳ್ಳಿ ಕಡೆಯ ಹಳಬರು ಈಗಲೂ ಬೈಕಿಗೆ ಫಟಫಟಿ ಎನ್ನುತ್ತಾರೆ. ದೆಹಲಿ ಕರ್ನಾಟಕ ಸಂಘದ ಕಾರ್ಯಕ್ರಮಗಳಿಗೆ ಬರುವ ಹಿರಿಯರ ಬಳಿ ಇದೇ ಮಾತೆತ್ತಿದರೆ ಅವರ ಕಣ್ಣಮುಂದೆ ಬೇರೆಯೇ ಚಿತ್ರ ಬರುತ್ತದೆ: ಕನಾಟ್ ಪ್ಲೇಸಿನಿಂದ ಕೆಂಪು ಕೋಟೆ, ಚಾಂದನಿ ಚೌಕದ ಕಡೆಗೆ ಎದುರುಬದುರು ಮೊಣಕಾಲು ತಾಗಿಸಿಕೊಂಡು ಕೂತ ಆರು ಜನ, ಮುಂದೆ ಕುದುರೆಯ ಮೇಲೆ ಕೂತಂತೆ ಕೂತ ಪಗಡಿಯ ಚಾಲಕ, ಮಾತೇ ಕೇಳಿಸದಷ್ಟು ಸದ್ದು. ಸರ್ಕಾರಿ ಕೆಲಸಕ್ಕೆಂದು ಬಂದು ಕರೋಲ್ ಬಾಗಿನಲ್ಲೋ ಲೋಧಿ ಕಾಲೊನಿಯಲ್ಲೋ ಬಿಡಾರ ಹೂಡಿದ ಆ ತಲೆಮಾರಿಗೆ ಟ್ಯಾಕ್ಸಿ ದುಬಾರಿ, ಬಸ್ಸು ಅಪರೂಪ.

ಆ ಮೂತಿ ದೆಹಲಿಗೆ ಬಂದದ್ದು ಯುದ್ಧದಿಂದ. ಎರಡನೆಯ ಮಹಾಯುದ್ಧಕ್ಕಾಗಿ ಹಾರ್ಲೆ ಕಂಪನಿ ಡಬ್ಲ್ಯುಎಲ್‌ಎ ಎಂಬ ಸೇನಾ ಮಾದರಿಯನ್ನು ತಯಾರಿಸಿತು. ಕೆನಡಾದ ಸೇನೆಗೆ ಮಾಡಿದ್ದೂ ಸೇರಿ ಸುಮಾರು 90,000. 740 ಸಿಸಿ, 45 ಡಿಗ್ರಿ ಕೋನದಲ್ಲಿ ಕವಲೊಡೆದ ಎರಡು ಸಿಲಿಂಡರ್, ಪಕ್ಕದಲ್ಲಿ ವಾಲ್ವುಗಳು, ಮೂರು ಗೇರು, ಕೈಯಲ್ಲಿ ಹಾಕುವ ಗೇರ್ ಕೋಲು. ಎಂಥ ಕಳಪೆ ಪೆಟ್ರೋಲನ್ನೂ ಕುಡಿದು ಓಡಲಿ ಎಂದು ಕಂಪ್ರೆಶನ್ನನ್ನು ತೀರಾ ಕೆಳಗಿಟ್ಟಿದ್ದರು. ಯುದ್ಧದ ನಡುವೆ ದೆಹಲಿ ಮಿತ್ರಪಡೆಗಳ ದೊಡ್ಡ ಆಡಳಿತ ಕೇಂದ್ರವಾಗಿತ್ತು. ಮೌಂಟ್‌ಬ್ಯಾಟನ್ನರ ಆಗ್ನೇಯ ಏಷ್ಯಾ ಕಮಾಂಡು ಕ್ಯಾಂಡಿಗೆ ಹೋಗುವ ಮೊದಲು, 1944ರ ಏಪ್ರಿಲ್‌ವರೆಗೆ, ಇಲ್ಲೇ ಇತ್ತು. ಯುದ್ಧ ಮುಗಿದ ಮೇಲೆ ಉಳಿದ ಸೇನಾ ಸರಕು ಮಾರಾಟಕ್ಕೆ ಬಿತ್ತು.

ಅದರ ಬೆನ್ನಿಗೇ ದೇಶ ಒಡೆಯಿತು. 1941ರ ಜನಗಣತಿಯಲ್ಲಿ 9 ಲಕ್ಷ ಚಿಲ್ಲರೆ ಇದ್ದ ದೆಹಲಿ ಪ್ರಾಂತ್ಯದ ಜನಸಂಖ್ಯೆ 1951ರಲ್ಲಿ 17 ಲಕ್ಷ ದಾಟಿತ್ತು. ಹಳೆ ದೆಹಲಿಯಲ್ಲಿ 1908ರಿಂದ ಓಡುತ್ತಿದ್ದ ಟ್ರಾಮು, ಖಾಸಗಿ ಕಂಪನಿಯಿಂದ 1948ರಲ್ಲಷ್ಟೇ ಸರ್ಕಾರ ವಹಿಸಿಕೊಂಡ ಬಸ್ಸು, ಇವೆರಡರ ಮೇಲೆ ಇಷ್ಟು ಜನರ ಭಾರ. ಲಾಹೋರು, ರಾವಲ್ಪಿಂಡಿಗಳಿಂದ ಉಟ್ಟ ಬಟ್ಟೆಯಲ್ಲಿ ಬಂದವರಲ್ಲಿ ಯಂತ್ರ ಬಲ್ಲವರಿದ್ದರು, ಗುಜರಿಯಲ್ಲಿ ಮೋಟಾರು ಸೈಕಲ್ಲಿತ್ತು, ರಸ್ತೆಯಲ್ಲಿ ಸವಾರಿ ಕಾಯುವವರಿದ್ದರು. ಹಿಂದಿನ ಚಕ್ರ ಕಿತ್ತು, ಆ ಜಾಗಕ್ಕೆ ಎರಡು ಚಕ್ರದ ಅಚ್ಚು, ಅದರ ಮೇಲೆ ಬೆಂಚು, ಮೇಲೊಂದು ತಗಡೋ ಕ್ಯಾನ್ವಾಸೋ ಸೂರು. ಮೊದಲು ನಾಲ್ಕು ಸವಾರಿ, ಆಮೇಲೆ ಆರು, ಕೆಲವೊಮ್ಮೆ ಎಂಟು. ಇವತ್ತು ನಾವು ‘ಮಾಡಿಫೈಡ್’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವಲ್ಲ, ಈ ನಗರದಲ್ಲಿ ಆ ಕಸುಬು ಶುರುವಾದದ್ದು ಹೊಟ್ಟೆಪಾಡಿಗೆ.

ಇಲ್ಲಿಂದ ಎಣ್ಣೆಯ ಮಾತು. ಒಬ್ಬ ಸೈನಿಕ, ಅವನ ಬಂದೂಕು, ಗಾಳಿಗೆ ಎದುರಾಗಿ ಓಡುವ ರಸ್ತೆ, ಇಷ್ಟಕ್ಕೆಂದು ಮಾಡಿದ ಎಂಜಿನ್ನು ಅದು. ಅದನ್ನು ತಂಪಾಗಿಡುವುದು ಎದುರು ಗಾಳಿ ಮತ್ತು ಒಳಗಿನ ಎಣ್ಣೆ, ಎರಡೇ. ದೆಹಲಿಯಲ್ಲಿ ಅದೇ ಎಂಜಿನ್ನು ಏಳು ಜನರನ್ನು ಹೊತ್ತು, ಟಾಂಗಾದ ಹಿಂದೆ, ಕೈಗಾಡಿಯ ಹಿಂದೆ, ಆಳು ನಡೆಯುವ ವೇಗದಲ್ಲಿ ಹೋಗಬೇಕಿತ್ತು. ವೇಗ ಇಳಿದರೆ ಗಾಳಿ ಇಲ್ಲ. ಹಿಂದಿನ ಸಿಲಿಂಡರಿಗಂತೂ ಮುಂದಿನದು ಅಡ್ಡ ನಿಂತಿರುತ್ತದೆ, ಅದು ಇನ್ನಷ್ಟು ಕಾಯುತ್ತದೆ. ಎಂಜಿನ್ನಿನ ತಿರುಗಾಟ ಇಳಿದರೆ ಅದಕ್ಕೆ ಗಂಟು ಬಿದ್ದಿರುವ ಎಣ್ಣೆ ಪಂಪೂ ನಿಧಾನ. ಶಾಖ ಏರಿದರೆ ಎಣ್ಣೆ ನೀರಾಗುತ್ತದೆ. ಮೂರೂ ಒಟ್ಟಿಗೆ ಬಂದಾಗ ಒತ್ತಡ ಕುಸಿಯಲೇಬೇಕು. ಯಾರ ತಪ್ಪೂ ಬೇಕಿಲ್ಲ.

ಕುಸಿದದ್ದನ್ನು ತಿಳಿಯುವುದು ಹೇಗೆ? ಡಬ್ಲ್ಯುಎಲ್‌ಎಯ ಟ್ಯಾಂಕಿನ ಮೇಲಿನ ಫಲಕದಲ್ಲಿ ಗೇಜು ಇರಲಿಲ್ಲ, ಎರಡು ಪುಟ್ಟ ದೀಪಗಳಿದ್ದವು. ಹಸಿರು ಜನರೇಟರಿನದು, ಕೆಂಪು ಎಣ್ಣೆಯದು. ಒತ್ತಡ ಒಂದು ಕನಿಷ್ಠ ಮಟ್ಟ ದಾಟಿದರೆ ಕೆಂಪು ಆರುತ್ತದೆ, ಅಷ್ಟೇ. ಎಷ್ಟಿದೆ ಎಂದು ಅದು ಹೇಳುವುದಿಲ್ಲ. ನನ್ನ ಸರ್ದಾರ್ಜಿ ಆ ದೀಪವನ್ನು ನಂಬಿದವರೇ ಅಲ್ಲ. ‘ದೀಪ ಸುಳ್ಳು ಹೇಳಬಹುದು, ತಂತಿ ತುಂಡಾಗಿರಬಹುದು. ಟ್ಯಾಂಕಿನ ಮುಚ್ಚಳ ಸುಳ್ಳು ಹೇಳಲ್ಲ’ ಎಂದರು.

ಮುಚ್ಚಳದ ಮರ್ಮ ಹೀಗೆ. 1937ರಿಂದ ಈ ಹಾರ್ಲೆಗಳಲ್ಲಿ ಎಣ್ಣೆ ಸುತ್ತು ಹೊಡೆಯುವ ವ್ಯವಸ್ಥೆ ಬಂದಿತ್ತು. ಅದಕ್ಕೂ ಮೊದಲಿನವುಗಳಲ್ಲಿ ಎಂಜಿನ್ನಿಗೆ ಹೋದ ಎಣ್ಣೆ ಸುಟ್ಟು, ಸೋರಿ ಮುಗಿಯುತ್ತಿತ್ತು. ಹೊಸ ವ್ಯವಸ್ಥೆಯಲ್ಲಿ ಎಣ್ಣೆಗೆ ಬೇರೆ ಟ್ಯಾಂಕು. ಅಲ್ಲಿಂದ ಒಂದು ಪಂಪು ಎಣ್ಣೆಯನ್ನು ಕ್ರ್ಯಾಂಕಿನ ಒಳಗೆ ತಳ್ಳುತ್ತದೆ, ಅದು ಬಿಗ್ ಎಂಡಿನ ರೋಲರುಗಳನ್ನು ತೋಯಿಸಿ, ಸಿಡಿದು, ಸಿಲಿಂಡರಿನ ಗೋಡೆಗೆ ಹತ್ತಿ, ತಳಕ್ಕೆ ಇಳಿಯುತ್ತದೆ. ಇನ್ನೊಂದು ಪಂಪು ತಳದಿಂದ ಬಾಚಿ ಟ್ಯಾಂಕಿಗೆ ವಾಪಸು ಕಳಿಸುತ್ತದೆ. ಹೋದದ್ದು ಹಿಂದಿರುಗಿದೆಯೇ ಎಂಬುದಕ್ಕೆ ಟ್ಯಾಂಕಿನೊಳಗೆ ಇಣುಕಿದರೆ ಸಾಕು. ಎಂಜಿನ್ನು ಓಡುತ್ತಿದ್ದಾಗ ವಾಪಸು ಕೊಳವೆಯಿಂದ ಎಣ್ಣೆ ಗುಳ್ಳೆಗಳ ಜತೆ ಉಗುಳಬೇಕು. ಗುಳ್ಳೆ ಬೇಕು, ಏಕೆಂದರೆ ಬಾಚುವ ಪಂಪು ತಳ್ಳುವ ಪಂಪಿಗಿಂತ ಜೋರು, ಎಣ್ಣೆಯ ಜತೆ ಗಾಳಿಯನ್ನೂ ಎಳೆಯುತ್ತದೆ. ಉಗುಳು ನಿಂತಿತೆಂದರೆ ಎರಡರಲ್ಲಿ ಒಂದು. ಎಣ್ಣೆ ಒಳಗೆ ಹೋಗಿಯೇ ಇಲ್ಲ, ಅಥವಾ ಹೋದದ್ದು ತಳದಲ್ಲೇ ತುಂಬಿಕೊಂಡಿದೆ. ಯಾವುದು ಎಂದು ಹೇಳುವುದು ಸೈಲೆನ್ಸರು: ತಳ ತುಂಬಿದ್ದರೆ ಎಣ್ಣೆ ಪಿಸ್ಟನ್ನಿನ ಮೇಲೆ ಹತ್ತಿ ಸುಟ್ಟು ನೀಲಿ ಹೊಗೆಯಾಗಿ ಬರುತ್ತದೆ, ಹೋಗಿಯೇ ಇಲ್ಲವಾದರೆ ಹೊಗೆ ಇಲ್ಲ, ಸ್ವಲ್ಪ ಹೊತ್ತಿಗೆ ಕಟಕಟ ಶಬ್ದ.

ಕಾಲೇಜಿನಲ್ಲಿ ನಾಲ್ಕು ವರ್ಷ ಮೆಕ್ಯಾನಿಕಲ್ ಓದಿದ ನನಗೆ ಇದನ್ನು ಯಾರೂ ಇಷ್ಟು ನೆಟ್ಟಗೆ ಹೇಳಿರಲಿಲ್ಲ. ಪುಸ್ತಕದಲ್ಲಿ ಇದ್ದ ಒಂದು ಮಾತು ಮಾತ್ರ ಆಗ ಅರ್ಥವಾಯಿತು. ಪಂಪು ಒತ್ತಡವನ್ನು ಹುಟ್ಟಿಸುವುದಿಲ್ಲ. ಪಂಪು ಹುಟ್ಟಿಸುವುದು ಹರಿವನ್ನು; ಆ ಹರಿವಿಗೆ ದಾರಿಯಲ್ಲಿ ಎಷ್ಟು ಅಡ್ಡಿ ಇದೆಯೋ ಅದು ಒತ್ತಡ. ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಇಟ್ಟು ನೋಡಿದವರಿಗೆಲ್ಲ ಇದು ಗೊತ್ತು. ಆದ್ದರಿಂದ ಒತ್ತಡ ಕಡಿಮೆ ಎಂದರೆ ಎಣ್ಣೆ ತೆಳುವಾಗಿರಬಹುದು, ಬೇರಿಂಗ್ ಸವೆದು ಸಂದು ಹಿಗ್ಗಿರಬಹುದು, ಪಂಪು ಗಾಳಿ ಎಳೆಯುತ್ತಿರಬಹುದು, ಒತ್ತಡ ಮಿತಿಗೊಳಿಸುವ ವಾಲ್ವು ಕಸ ಸಿಕ್ಕಿ ತೆರೆದೇ ನಿಂತಿರಬಹುದು, ಸವೆದ ರಿಂಗುಗಳ ದಾಟಿ ಪೆಟ್ರೋಲು ಎಣ್ಣೆಗೆ ಬೆರೆತಿರಬಹುದು. ಒತ್ತಡ ಹೆಚ್ಚು ಎಂದರೆ ಎಣ್ಣೆ ತಣ್ಣಗೆ ಗಟ್ಟಿಯಾಗಿದೆ, ಇಲ್ಲವೇ ಮುಂದೆ ಎಲ್ಲೋ ದಾರಿ ಕಟ್ಟಿದೆ. ಕಟ್ಟಿದ ದಾರಿಯ ಹಿಂದೆ ನಿಂತ ಗೇಜು ಒಳ್ಳೆಯ ಅಂಕಿಯನ್ನೇ ತೋರಿಸುತ್ತದೆ, ಮುಂದಿರುವ ಬೇರಿಂಗ್ ಒಣಗಿ ಸಾಯುತ್ತಿರುತ್ತದೆ.

ಹಾರ್ಲೆಗಳು ಇಷ್ಟು ವರ್ಷ ಬದುಕಿದ್ದಕ್ಕೆ ಒಂದು ಕಾರಣ ಆ ರೋಲರ್ ಬೇರಿಂಗುಗಳು ಎಂದು ನನ್ನ ಎಣಿಕೆ. ರೋಲರಿಗೆ ಎಣ್ಣೆಯ ಒತ್ತಡ ದೊಡ್ಡದಾಗಿ ಬೇಕಿಲ್ಲ, ತೊಟ್ಟಿಕ್ಕುತ್ತಿದ್ದರೂ ತೋಯ್ದಿದ್ದರೆ ಸಾಕು. ನನ್ನ ಬುಲೆಟ್ಟಿನ ಕಥೆ ಬೇರೆ. ಅದರ ಬಿಗ್ ಎಂಡಿನಲ್ಲಿ ರೋಲರ್ ಇಲ್ಲ, ತೇಲುವ ಬುಷ್ ಇದೆ. ಎಣ್ಣೆಯ ಪದರದ ಮೇಲೆ ಅದು ಅಕ್ಷರಶಃ ತೇಲಬೇಕು.

ಇನ್ನು ನಮ್ಮ ಊರ ಕಡೆಯ ಮಾತು. 1961ರಲ್ಲಿ ಮೈಸೂರಿನಲ್ಲಿ ಶುರುವಾದ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿಗಳನ್ನು ನೋಡುತ್ತ ಬೆಳೆದ ನಮ್ಮಂಥವರಿಗೆ ಈ ತಲೆನೋವಿನ ಪರಿಚಯವೇ ಇರಲಿಲ್ಲ. ಜಾವಾ, ಯೆಜ್ಡಿ ಎರಡೂ ಟೂ ಸ್ಟ್ರೋಕ್. ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸುವುದು, ಅದು ಒಳಗೆ ಹೋಗಿ ತೋಯಿಸಿ ಸುಟ್ಟುಹೋಗುವುದು. ಪಂಪಿಲ್ಲ, ಒತ್ತಡವಿಲ್ಲ, ಗೇಜಿಲ್ಲ. ನಮ್ಮ ಚಿಕ್ಕಪ್ಪ ಬಂಕಿನಲ್ಲಿ ಅಳತೆ ಡಬ್ಬಿ ಹಿಡಿದು ನಿಲ್ಲುತ್ತಿದ್ದದ್ದೇ ಅವರ ಪೂರ್ತಿ ಲ್ಯೂಬ್ರಿಕೇಶನ್ ಶಾಸ್ತ್ರ. ಬುಲೆಟ್ಟಿನಲ್ಲಿ ಎಣ್ಣೆಯ ಬಗ್ಗೆ ಅಪ್ಪ ಯಾಕೆ ಅಷ್ಟು ಗೊಣಗುತ್ತಾರೆ ಎಂದು ಚಿಕ್ಕಪ್ಪನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಈಗ ನನ್ನ ಗೇಜು. ಸರ್ದಾರ್ಜಿ ಎಂಜಿನ್ನು ಮುಟ್ಟುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: ‘ಇದರ ಕೊಳವೆ ಎಲ್ಲಿಂದ ತೆಗೆದಿದ್ದಾರೆ?’ ನೋಡಿದರೆ ಮೇಲಿನ ರಾಕರುಗಳಿಗೆ ಎಣ್ಣೆ ಒಯ್ಯುವ ಕೊಳವೆಯಿಂದ. ಹಳೆಯ ಬುಲೆಟ್ಟಿನಲ್ಲೂ ಎರಡು ಪಂಪು, ಒಂದು ಹೋಗುವುದಕ್ಕೆ, ಒಂದು ಬರುವುದಕ್ಕೆ. ಬಿಗ್ ಎಂಡಿಗೆ ಹೋಗುವುದು ಮೊದಲನೆಯದರಿಂದ. ರಾಕರುಗಳಿಗೆ ಹೋಗುವುದು ವಾಪಸು ಬರುವ ಎಣ್ಣೆ. ಅಂದರೆ ಅಷ್ಟು ತಿಂಗಳು ನಾನು ಹೃದಯದ ಬಡಿತ ಎಂದುಕೊಂಡು ನೋಡುತ್ತಿದ್ದದ್ದು ಚರಂಡಿಯ ಹರಿವನ್ನು.

ಜನವರಿಯಲ್ಲಿ ಮುಳ್ಳು ಮೇಲೇರಿ ನಿಲ್ಲುತ್ತಿತ್ತು, ನಾನು ಹಿಗ್ಗುತ್ತಿದ್ದೆ. ಅದು ಚಳಿಗೆ ಗಟ್ಟಿಯಾದ ಎಣ್ಣೆ ಕೂಲರಿನ ಸಪೂರ ಕೊಳವೆಯಲ್ಲಿ ತಿಣುಕುತ್ತಿದ್ದ ಲೆಕ್ಕ. ಏಪ್ರಿಲಿನಲ್ಲಿ ಇಳಿಯತೊಡಗಿತು, ಗಟ್ಟಿ ಎಣ್ಣೆ ಹಾಕಿಸಿದೆ. ಒಂದಿಷ್ಟು ಏರಿತು, ಸಮಾಧಾನಪಟ್ಟೆ. ಮೇ ತಿಂಗಳಲ್ಲಿ ಮಲಗಿತು.

ಅವರು ಎಣ್ಣೆ ತುಂಬುವ ಮುಚ್ಚಳ ತೆಗೆದು ಟಾರ್ಚು ಬಿಟ್ಟರು. ವಾಪಸು ಬರುವ ಎಣ್ಣೆ ಎಲ್ಲೋ ಒಂದು ಹನಿ. ಸೈಲೆನ್ಸರಿನಲ್ಲಿ ನೀಲಿ ಹೊಗೆ ಇಲ್ಲ. ‘ತಳದಲ್ಲಿ ನಿಂತಿಲ್ಲ, ಹೋಗಿಯೇ ಇಲ್ಲ’ ಎಂದರು. ಆಮೇಲೆ ಟೈಮಿಂಗ್ ಕವರಿನಲ್ಲಿ ಬಿಗ್ ಎಂಡಿಗೆ ಎಣ್ಣೆ ಹೋಗುವ ದಾರಿಯ ತಿರುಪನ್ನು ಅರ್ಧ ಸಡಿಲಿಸಿ ಹುಡುಗನಿಗೆ ಕಿಕ್ ಹೊಡೆಯಲು ಹೇಳಿದರು. ಅಲ್ಲಿ ಎಣ್ಣೆ ಒಸರಬೇಕು. ಒಸರಲಿಲ್ಲ. ಎಂಜಿನ್ ಆಫ್ ಮಾಡು ಎಂದು ಕೂಗಿದ ಆ ದನಿ ಈಗಲೂ ನೆನಪಿದೆ. ಅಲ್ಲಿಯವರೆಗೆ ಅವರು ಕುರ್ಚಿಯಿಂದ ಎದ್ದಿರಲಿಲ್ಲ.

ಕವರ್ ಬಿಚ್ಚಿದಾಗ ಸಿಕ್ಕಿದ್ದು ಶಾವಿಗೆಯಂಥ ಒಂದು ಎಳೆ. ಕವರು ಕೂರಿಸುವಾಗ ಗ್ಯಾಸ್ಕೆಟ್ಟಿನ ಅಂಚಿಗೆ ಧಾರಾಳವಾಗಿ ಬಳಿದ ಸಿಲಿಕೋನ್ ಅಂಟು, ಒಳಗೆ ಹಿಸುಕಿಕೊಂಡು, ಬಿರುಸಾಗಿ, ಹರಿದು ಎಣ್ಣೆಯ ರಂಧ್ರಕ್ಕೆ ಸೇರಿಕೊಂಡಿತ್ತು. ಕ್ರ್ಯಾಂಕಿನ ತುದಿಯ ಕಾರ್ಕ್ ಸೀಲು ಕೂಡ ಅಡ್ಡ ಕೂತಿತ್ತು. ಎಳೆಯನ್ನು ದಾಟಿ ಬಂದ ಎಣ್ಣೆಯೂ ಅರ್ಧ ಅಲ್ಲೇ ಸೋರಿಹೋಗುತ್ತಿತ್ತು. ನಾನು ಗಟ್ಟಿ ಎಣ್ಣೆ ಹಾಕಿಸಿದಾಗ ಆ ಎಳೆಯ ಪಕ್ಕ ನುಸುಳುವುದು ಅದಕ್ಕೆ ಇನ್ನೂ ಕಷ್ಟವಾಗಿತ್ತು. ಮುಳ್ಳು ಏರಿದ ವಾರಗಳಲ್ಲೇ ಬುಷ್ ಹೆಚ್ಚು ಸವೆದದ್ದು. ಹೊರತೆಗೆದಾಗ ಅದು ಒಂದು ಕಡೆ ನೀಲಿಗಟ್ಟಿತ್ತು. ಇನ್ನೊಂದು ವಾರ ಓಡಿಸಿದ್ದರೆ ಕನೆಕ್ಟಿಂಗ್ ರಾಡು ಕ್ರ್ಯಾಂಕ್‌ಕೇಸನ್ನು ಒಡೆದು ಹೊರಗೆ ಬರುತ್ತಿತ್ತು, ಬಹುಶಃ ಎಕ್ಸ್‌ಪ್ರೆಸ್ ವೇಯ ಮೇಲೆ. ಆ ಅಂಗಡಿಯವರನ್ನು ಬೈಯಲು ಹೋಗಲಿಲ್ಲ. ಗೇಜು ಎಲ್ಲಿಂದ ಬಂದಿದೆ ಎಂದು ಕೇಳದೆ ಅದನ್ನು ನಂಬಿದವನು ನಾನು.

ಸರ್ದಾರ್ಜಿ ಕೂಲರ್ ಕಿತ್ತುಹಾಕಿದರು. ಗೇಜಿನ ಕೊಳವೆಯನ್ನು ಬಿಗ್ ಎಂಡಿನ ದಾರಿಗೆ ಬದಲಿಸಿದರು. ಬಿಸಿಯಾಗಿ ನಿಂತಾಗ ಮುಳ್ಳು ಈಗಲೂ ತಳದ ಹತ್ತಿರವೇ ಇರುತ್ತದೆ, ಈ ಎಂಜಿನ್ನಿನ ಸ್ವಭಾವವೇ ಅದು. ಆದರೆ ತಿರುಪು ಸಡಿಲಿಸಿದರೆ ಎಣ್ಣೆ ಒಸರುತ್ತದೆ.

ಫಟ್‌ಫಟಿಗಳಿಗೆ ಅಂಥ ಕೊನೆ ಸಿಗಲಿಲ್ಲ. ಹಾರ್ಲೆಯ ಬಿಡಿಭಾಗ ಸಿಗದೆ, ಪೆಟ್ರೋಲಿನ ಬೆಲೆ ತಾಳದೆ ಹಲವು ಗಾಡಿಗಳಿಗೆ ಕಾಲಕ್ರಮೇಣ ಡೀಸೆಲ್ ಎಂಜಿನ್ ಬಂತು. ಮೂತಿ ಹಾರ್ಲೆಯದು, ಸದ್ದು ಬೇರೆಯದು. ಐವತ್ತು ವರ್ಷ ಸವೆದ ಎಂಜಿನ್ನುಗಳಲ್ಲಿ ಎಣ್ಣೆ ತಳದಲ್ಲಿ ನಿಲ್ಲುವುದು, ರಿಂಗು ದಾಟಿ ಸುಡುವುದು ರೂಢಿಯೇ ಆಗಿರುತ್ತದೆ. ಹೊಗೆ ಕಂಡರೂ ಸವಾರಿ ನಿಲ್ಲಿಸುವಂತಿಲ್ಲ, ಅಂದಿನ ಸಂಪಾದನೆ ಅಂದಿಗೆ. ಅಷ್ಟರಲ್ಲಿ ನಗರದ ಗಾಳಿಯೇ ವಿಷಯವಾಯಿತು. 1996ರಲ್ಲಿ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಸಂಸ್ಥೆ ‘ಸ್ಲೋ ಮರ್ಡರ್’ ಎಂಬ ವರದಿ ತಂದಿತು. ಎಂ.ಸಿ. ಮೆಹ್ತಾ ಹೂಡಿದ್ದ ಮೊಕದ್ದಮೆಯಲ್ಲಿ 1998ರ ಜುಲೈ 28ರಂದು ಸುಪ್ರೀಂ ಕೋರ್ಟು ಕೊಟ್ಟ ಆದೇಶದಲ್ಲಿ ಬಸ್ಸುಗಳಿಗೆ ಸಿಎನ್‌ಜಿ ಬಂದಂತೆಯೇ, 15 ವರ್ಷ ಮೀರಿದ ವಾಣಿಜ್ಯ ವಾಹನಗಳು ಅದೇ ವರ್ಷದ ಅಕ್ಟೋಬರ್ 2ರ ಹೊತ್ತಿಗೆ ರಸ್ತೆ ಬಿಡಬೇಕೆಂದೂ ಇತ್ತು. 1940ರ ದಶಕದ ಗಾಡಿಗೆ ಅದರಲ್ಲಿ ಉಳಿಗಾಲ ಎಲ್ಲಿ? ಹೆಸರು ಮಾತ್ರ ಉಳಿಯಿತು. ‘ಫಟ್‌ಫಟ್ ಸೇವಾ’ ಎಂದು ಬರೆದುಕೊಂಡ ಪುಟ್ಟ ವ್ಯಾನುಗಳು ಆಮೇಲೂ ಓಡಿದವು, ಅವು ಫಟ್‌ಫಟ್ ಎನ್ನುತ್ತಿರಲಿಲ್ಲ.

ಆ ಆದೇಶ ತಪ್ಪು ಎನ್ನಲು ನನಗೆ ನಾಲಿಗೆ ಬರುವುದಿಲ್ಲ. ನವೆಂಬರಿನಲ್ಲಿ ಮಗಳಿಗೆ ನೆಬ್ಯುಲೈಸರ್ ಹಿಡಿದು ಕೂತವನು ನಾನೂ ಹೌದು. ಆದರೆ ಇಪ್ಪತ್ತು ವರ್ಷದ ನಂತರ ಅದೇ ಲೆಕ್ಕ ನನ್ನ ಮನೆಬಾಗಿಲಿಗೆ ಬಂತು. 15 ವರ್ಷ ಮೀರಿದ ಪೆಟ್ರೋಲ್ ವಾಹನಗಳು ರಾಜಧಾನಿ ವಲಯದಲ್ಲಿ ಓಡಕೂಡದು ಎಂದು 2018ರ ಅಕ್ಟೋಬರ್ 29ರಂದು ಸುಪ್ರೀಂ ಕೋರ್ಟ್ ಖಚಿತಪಡಿಸಿತು. (2025ರ ಜುಲೈ 1ರಿಂದ ದೆಹಲಿಯ ಬಂಕುಗಳಲ್ಲಿ ಅಂಥ ಗಾಡಿಗಳಿಗೆ ಇಂಧನವನ್ನೇ ಕೊಡಬಾರದೆಂದು ಹೊರಟು, ಕೆಲವೇ ದಿನಗಳಲ್ಲಿ ಅದನ್ನು ಕೈಬಿಟ್ಟದ್ದು ನಿಮಗೆ ನೆನಪಿರಬಹುದು.) ಎಣ್ಣೆ ಸರಿಯಾಗಿ ಸುತ್ತುತ್ತಿದೆಯೇ, ಹೊಗೆ ಉಗುಳುತ್ತಿದೆಯೇ ಎಂದು ಆ ನಿಯಮ ಕೇಳುತ್ತಿರಲಿಲ್ಲ, ಹುಟ್ಟಿದ ವರ್ಷ ಕೇಳುತ್ತಿತ್ತು. ಲಕ್ಷಾಂತರ ಗಾಡಿಗಳ ಮುಚ್ಚಳ ತೆಗೆದು ಟಾರ್ಚು ಬಿಡುವವರು ಯಾರು ಎಂದರೆ ಅದಕ್ಕೂ ನನ್ನ ಬಳಿ ಉತ್ತರವಿಲ್ಲ.

ಡಿಸೆಂಬರಿನಲ್ಲಿ ಗಾಡಿಯನ್ನು ನವದೆಹಲಿ ಸ್ಟೇಷನ್ನಿಗೆ ತಳ್ಳಿಕೊಂಡು ಹೋದೆ. ಪೆಟ್ರೋಲು ಬಸಿದು, ಹುಲ್ಲು ಗೋಣಿ ಸುತ್ತಿಸಿ, ಬೆಂಗಳೂರಿಗೆ ಪಾರ್ಸೆಲ್ ಮಾಡಿದೆ. ಹಾಸನಕ್ಕೆ ಮುಟ್ಟುವಷ್ಟರಲ್ಲಿ ಎರಡು ವಾರ ನಿಂತೇ ಇರುತ್ತದೆ. ಅಷ್ಟು ದಿನ ನಿಂತರೆ ಎಣ್ಣೆ ತನ್ನ ಕೋಣೆಯಿಂದ ಪಂಪಿನ ಸಂದಿಯಲ್ಲಿ ನುಸುಳಿ ಕ್ರ್ಯಾಂಕ್‌ಕೇಸಿಗೆ ಇಳಿದುಬಿಡುತ್ತದೆ, ಕಡ್ಡಿ ಅದ್ದಿ ನೋಡಿದರೆ ಎಣ್ಣೆಯೇ ಇಲ್ಲವೆಂದು ಕಾಣುತ್ತದೆ. ಗಾಬರಿಯಾಗಿ ಮತ್ತಷ್ಟು ತುಂಬಿದರೆ ಹೊಗೆಯೋ ಹೊಗೆ. ಅಪ್ಪನಿಗೆ ಫೋನ್ ಮಾಡಿ, ಮೊದಲು ನಾಲ್ಕು ನಿಮಿಷ ಸ್ಟಾರ್ಟ್ ಮಾಡಿಟ್ಟು ಆಮೇಲೆ ಎಣ್ಣೆ ನೋಡಿ ಎಂದೆ.

‘ಅದನ್ನ ನಿಂಗೆ ಹೇಳ್ಕೊಟ್ಟೋನು ನಾನು’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ಹ್ಯಾಂಡಲ್ ಮೇಲೆ ಅದೇನೋ ಗಡಿಯಾರ ಹಾಕ್ಸಿದೀಯಂತೆ?’ ಎಂದು ಕೇಳಿದರು.